ನಿಧಾನದ ಮೇಸ್ತ್ರಿ

ವಾಲ್ಪರಾಯಿಸೊ ಬಂದರಿನಲ್ಲಿ ನಲವತ್ತು ವರ್ಷ
ಬೆನ್ನ ಹಿಂದೆ ಮೇಸ್ತ್ರಿ ಕೂಗುತ್ತಿದ್ದ: ಬೇಗ, ಬೇಗ.
ಈಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಯಸ್ನಾ ಪಕ್ಕಕ್ಕೆ ನಿಂತು ಹೇಳುತ್ತಾಳೆ:
ನಿಧಾನ, ದೊನ್ ಎರಾಸ್ಮೊ, ನಿಧಾನ,
ಯಾವ ಹಡಗೂ ಹೊರಡುತ್ತಿಲ್ಲ.

ನನ್ನ ಮಗಳಿಗಿಂತ ಚಿಕ್ಕವಳು.
ಎದೆಗೆ ಅಂಟಿಸಿದ ತಂತಿಗಳ ಗೆರೆಯನ್ನು ಓದುತ್ತಾಳೆ,
ನಾವು ಉತ್ತರದ ಗಾಳಿಯನ್ನು ಓದುತ್ತಿದ್ದ ಹಾಗೆ.

ಗುಂಡಿಗೆ ದೊಡ್ಡದಾಗಿದೆ ಎಂದಿದ್ದರು ಡಾಕ್ಟರು ಜನವರಿಯಲ್ಲಿ.
ಬಂದರಿನಲ್ಲಿ ಅದು ಹೊಗಳಿಕೆಯ ಮಾತು;
ನಾನು ಸುಮ್ಮನೆ ಮುಗುಳ್ನಕ್ಕೆ.
ಆಮೇಲೆ ಲೆಕ್ಕ ಬಂತು: ತುಂಬಿದ ನೂರರಲ್ಲಿ
ಇಪ್ಪತ್ತೆಂಟನ್ನಷ್ಟೇ ಹೊರಗೆ ದೂಡುತ್ತದಂತೆ.
ನೂರು ಮೂಟೆಗೆ ಇಪ್ಪತ್ತೆಂಟು ಸಾಗಿಸುವ ತಂಡವನ್ನು
ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಿದ್ದೆವು.
ಇದನ್ನು ಎಲ್ಲಿಗೆ ಕಳಿಸುವುದು?

ಎಲ್ಲಿಗೂ ಹೋಗದ ಸೈಕಲ್ಲು ಐದು.
ಕಿಟಕಿಯ ಕೆಳಗೆ ಎದೆಲ್ಮೀರಾ, ಒಣ ಕಣಿವೆಯವಳು.
ಮಣ್ಣುಗೋಡೆಯ ಮನೆಯಲ್ಲಿ, ಇನ್ನೂ ಹುಡುಗಿ,
ಸೂರಿನಿಂದ ಇಳಿದ ದೊಡ್ಡ ತಿಗಣೆಯೊಂದು
ಮಲಗಿದ್ದಾಗ ತುಟಿಯ ಬಳಿ ಕಚ್ಚಿತ್ತು.
ತುಟಿಯಿಂದ ಎದೆಗೆ ಇಳಿಯಲು
ಅದಕ್ಕೆ ಅರವತ್ತು ವರ್ಷ ಹಿಡಿಯಿತು.
ಅವಳು ಬೈಯುವುದಿಲ್ಲ. ಅದಕ್ಕೂ ಹಸಿವು, ಎನ್ನುತ್ತಾಳೆ,
ಪೆಡಲಿನ ಮೇಲೆ ಉಣ್ಣೆಯ ಚಪ್ಪಲಿ ಸರಿಮಾಡಿಕೊಂಡು.

ಗೋಡೆಯ ಮೇಲೊಂದು ಪಟ್ಟಿ: ಆಯಾಸ ಎಷ್ಟು?
ಆರರಿಂದ ಇಪ್ಪತ್ತರವರೆಗೆ.
ಒಂದರಿಂದ ಐದು ಎಲ್ಲಿ ಹೋದವು, ಎಂದೆ ಮೊದಲ ದಿನ.
ಅವು ಸತ್ತವರಿಗೆ, ಎಂದ ಪಕ್ಕದ ತಿಯೊದೋಸಿಯೊ.
ನಗಲು ಹೋಗಿ ಕೆಮ್ಮಿದ. ಯಸ್ನಾ ಓಡಿ ಬಂದಳು.
ಟ್ರಾಲಿ ಬಸ್ಸು ಓಡಿಸುತ್ತಿದ್ದವನು;
ತುಳಿಯುತ್ತ ತುಳಿಯುತ್ತ ನಿಲ್ದಾಣಗಳ ಹೆಸರು ಕೂಗುವನು,
ಯಾರಾದರೂ ಇಳಿಯುವರೇನೋ ಎಂದು ತಿರುಗಿ ನೋಡುವನು.

ತುಳಿಯುವಾಗ ಮಾತಾಡುತ್ತಿರಬೇಕು, ಇಲ್ಲಿನ ನಿಯಮ.
ಮಾತು ತುಂಡಾದರೆ ಭಾರ ಇಳಿಸುತ್ತಾಳೆ.
ನಾನೋ ಮಾತು ಕಡಿಮೆಯವನು.
ಮೊದಲ ವಾರ ಹಡಗುಗಳ ಹೆಸರು ಹೇಳಿದೆ.
ಆಮೇಲೆ ಸರಕು: ತಾಮ್ರ, ಸೇಬು, ಮೀನಿನ ಹುಡಿ.
ಆಮೇಲೆ ಸತ್ತ ಹೆಂಡತಿಯ ಅಡುಗೆ, ಉಪ್ಪು ಸಮೇತ.
ಆರನೆಯ ವಾರ ಚೀಲದಲ್ಲಿ ಏನೂ ಉಳಿಯದೆ
ತಮ್ಮನ ಹೆಸರು ಹೊರಬಿತ್ತು.

ಅವತ್ತು ಮೇಸ್ತ್ರಿ ಬಂದಿರಲಿಲ್ಲ, ಯಸ್ನಾ.
ಅವನ ಜಾಗದಲ್ಲಿ ನಾನಿದ್ದೆ.
ಕೊಕ್ಕೆ ಇನ್ನೂ ಸರಿಯಾಗಿ ಕೂತಿರಲಿಲ್ಲ.
ಬೇಗ ಎಂದು ಕೂಗಿದವನು
ನಾನು.

ಚಕ್ರ ತಿರುಗುತ್ತಲೇ ಇತ್ತು.
ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು,
ಕಾಗದದಲ್ಲಿ ಬರೆದುಕೊಂಡಳು:
ಮಾತು ತುಂಡಾಗಲಿಲ್ಲ.
ಭಾರ ಇಳಿಸಲಿಲ್ಲ.

ಒಂದು ಗುರುವಾರ ತಿಯೊದೋಸಿಯೊ ಬರಲಿಲ್ಲ.
ಮುಂದಿನ ಮಂಗಳವಾರವೂ.
ಉದ್ದ ಕಾಲಿನವನ ಸೀಟು ಎತ್ತರದಲ್ಲೇ ಇತ್ತು.
ಹೊಸದಾಗಿ ಬಂದ ಗಿಡ್ಡ ಮನುಷ್ಯನನ್ನು
ಯಸ್ನಾ ಬೇರೆ ಸೈಕಲ್ಲಿಗೆ ಕರೆದೊಯ್ದಳು.

ನಮ್ಮ ಬೆಟ್ಟಕ್ಕೆ ನೂರಾ ಅರವತ್ತೆರಡು ಮೆಟ್ಟಿಲು.
ಹಳಿಯ ಮೇಲೆ ಏರುತ್ತಿದ್ದ ಪೆಟ್ಟಿಗೆಗಾಡಿ ಕೆಟ್ಟು ವರ್ಷಗಳಾದವು;
ಅದರ ಹಗ್ಗದ ಮೇಲೆ ಯಾರೋ ಬಟ್ಟೆ ಒಣಹಾಕುತ್ತಾರೆ.
ಮೊದಲು ಇಪ್ಪತ್ತಕ್ಕೇ ಏದುಸಿರು, ಕಣ್ಣಿಗೆ ಕತ್ತಲೆ.
ಇವತ್ತು ಎಪ್ಪತ್ತೊಂದನೆಯದರಲ್ಲಿ ಕೂತೆ,
ಮಡಿಲಲ್ಲಿ ಬ್ರೆಡ್ಡಿನ ಪೊಟ್ಟಣ.

ಹೆಗಲ ಮೇಲೆ ಗ್ಯಾಸ್ ಸಿಲಿಂಡರು ಹೊತ್ತ ಹುಡುಗ
ಮೇಲಿಂದ ಯಾರೋ ಕರೆದರೆಂದು ಓಡುತ್ತಿದ್ದವನು
ನನ್ನ ಮುಂದೆ ನಿಂತ: ಏನಾಯಿತು ಅಜ್ಜ?
ಹದಿಮೂರು, ಎಂದೆ.
ಅವನಿಗೆ ಅರ್ಥವಾಗಲಿಲ್ಲ.
ಅರ್ಥವಾಗಲೆಂದು ಕಾಯುತ್ತಾ
ಅವನೂ ಅಷ್ಟು ಹೊತ್ತು ನಿಂತ, ಉಸಿರು ತೆಗೆದುಕೊಂಡ.
ಬ್ರೆಡ್ಡು ಇನ್ನೂ ಬಿಸಿಯಿತ್ತು.