ಅಂಜಿದವರಿಗೆ ಮಾಫಿ

ಮಗ್ಗ ಮಾರಿ ಮೂರು ವರ್ಷಾತು. ಕುಣಿ ಯಾರು ಕೊಳ್ಳತಾರ?
ಬೆಟಗೇರಿಯ ನಮ್ಮ ಮನಿ ನಡುಕೋಣ್ಯಾಗ
ಅದು ಹಂಗ ಬಾಯಿ ತಕ್ಕೊಂಡು ಕುಂತೈತಿ,
ಮ್ಯಾಲೊಂದು ಹಲಗಿ, ಹಲಗಿ ಮ್ಯಾಲ ಜ್ವಾಳದ ಚೀಲ.

ಸೂಟಿ ಬಿಟ್ಟ ಎಂಟನೇ ದಿನಕ್ಕ ಹುಡುಗೂರು ಚೀಲ ಸರಿಸಿದ್ರು.
"ಚಿಗವ್ವಾ, ಇಲ್ಲಿ ದೆವ್ವದ ಮನಿ ಮಾಡತೀವಿ."
ಹ್ಞೂಂ ಅಂದ್ನಿ.
ಬಾಯಾಗ ಗುಂಡಸೂಜಿ ಇದ್ದಾಗ ಅಷ್ಟ ಅನ್ನಾಕ ಬರತೈತಿ.

ಕಿಡಕಿಗೆ ನನ್ನ ಕರೇ ಲೈನಿಂಗ್ ಬಟ್ಟಿ ಹೋತು.
ಮುಬೀನಾ ಅವರ ಮನಿಂದ ಲೋಬಾನದ ಹೊಗಿ ತಂದ್ಲು.
ಬಿಸಲಿಗೆ ಹಾಕಿದ್ದ ಶಾವಿಗಿ ಒಂದು ಹಿಡಿ ಕುದಿಸಿ, ಆರಿಸಿ,
ಗಡಗಿಯಾಗ ಇಟ್ಟು "ಕರಳು" ಅಂದ್ರು.
ಸಿಪ್ಪಿ ಸುಲಿದ ದ್ರಾಕ್ಷಿ, ಕಣ್ಣು.
ಒದ್ದಿ ಟಾವೆಲ್, ಮಾರಿಗೆ ಬಡಿಯೂ ಎತ್ತರಕ್ಕ.
ಫಕೀರೇಶ ಕುಣಿಯಾಗ ಇಳದ;
ಬಂದವರ ಕಾಲ ಹಿಡಿಯೂ ಕೆಲಸ ಅವಂದು.

ದೆವ್ವ ತಯಾರಾತು. ಜಗಳ ಸುರುವಾತು.

"ಹತ್ತು ರೂಪಾಯಿ," ಕುಣಿಯೊಳಗಿಂದ ಫಕೀರೇಶ,
"ಕೆಂಪು ಬಲ್ಬಿಗೆ ನಾ ಹಾಕೀನಿ ನಲವತ್ತು.
ಪುಕ್ಕಟ ಅಂದ್ರ ಯಾರೂ ಅಂಜೂದಿಲ್ಲ, ನಗತಾರ."
"ಐದು ಸಾಕು," ಶಾಂಭವಿ, "ಬಾಲವಾಡಿಯವರಿಗೆ ಅರ್ಧಾ."
ಅರ್ಧಾ ಅಂದ್ರ ಎರಡೂವರಿ. ಎಂಟಾಣೆ ಎಲ್ಲೈತಿ ಈಗ?
ಮುಬೀನಾ ಉಗುರು ಕಡಕೋತ ನಿಂತಿದ್ಲು:
"ಮಧ್ಯಾಹ್ನ ನಮ್ಮ ಓಣ್ಯಾಗ ಯಾರ ಕೈಯಾಗೂ ಐದು ರೂಪಾಯಿ ಇರೂದಿಲ್ಲ.
ಇದ್ದಾಂವ ಐಸ್‌ಕ್ಯಾಂಡಿ ತಿಂತಾನ.
ದೆವ್ವ ಏನ ಕರಗೂದಿಲ್ಲಲಾ, ನಾಳೆ ನೋಡಿದ್ರಾತು ಅಂತಾನ."

ಒಳಗಿಂದ ನನ್ನ ನೆಗೆಣ್ಣಿ ರಾಚಕ್ಕ, ರೊಟ್ಟಿ ಬಡಿಯೂದು ನಿಲ್ಲಿಸದ:
"ಹೊಚ್ಚಲ ದಾಟಿ ಬಂದವರ ಕಡೆ ರೊಕ್ಕಾ ಕೇಳಿದ್ರ
ಅದು ಮನಿ ಆಗೂದಿಲ್ಲ, ಅಂಗಡಿ ಆಕ್ಕೈತಿ."

ಮನಿ ಮುಂದ ನಂದೂ ಒಂದು ಬೋರ್ಡ್ ಐತಿ: ಫಾಲ್, ಪಿಕೋ, ಬ್ಲೌಸ್.
ಅದರ ಮ್ಯಾಲಿನ ದರ ನಾ ಎಂದೂ ಪೂರಾ ಕೇಳಿಲ್ಲ.
ಎಲ್ಲಾ ಗುರತಿನವರು. "ಎಷ್ಟಾತವಾ?" ಅಂತಾರ,
ನೀವ ನೋಡಿ ಕೊಡ್ರಿ ಅಂತೀನಿ. ಅವರು ನೋಡೂದಿಲ್ಲ.

"ನೀ ಹೇಳ ಚಿಗವ್ವಾ." ಎಲ್ಲಾರೂ ತಿರುಗಿದ್ರು
ದರ ಹೇಳಾಕ ಬರದಾಕಿ ಕಡೆ.

ಸೂಜಿ ತಗದು ಹೇಳಿದ್ನಿ:
ಒಳಗ ಹೋಗಾಕ ರೊಕ್ಕಾ ಇಲ್ಲ.
ಹಿಂಬಾಗಲಕ್ಕ ಬಿಸ್ಕೀಟಿನ ಡಬ್ಬಿ ಇಡ್ರಿ.
ಅಂಜಿದವರಿಗೆ ಮಾಫಿ.
ಅಂಜದವರು ಐದು ರೂಪಾಯಿ ಹಾಕಿ ಹೋಗಲಿ.

ಎಂಥಾ ಚಲೋ ನ್ಯಾಯಾ ಮಾಡಿದ್ನಿ ಅಂತ ಒಂದು ತಾಸು ಅನಕೊಂಡ್ನಿ.

ಇಪ್ಪತ್ತಮೂರು ಮಂದಿ ಬಂದ್ರು. ಇಪ್ಪತ್ತಮೂರೂ ಚೀರಿ ಹೊರಬಿದ್ರು.
ಗಿರಣಿ ತೇಜಪ್ಪ, ರಾತ್ರಿ ಒಬ್ಬನ ಸುಡುಗಾಡ ದಾಟಿ ಬರಾಂವ,
ಮೀಸಿಗೆ ಹತ್ತಿದ ಹಿಟ್ಟು ಒರಸಕೋತ ಹೊರಗ ಬಂದು
ಡಬ್ಬಿ ನೋಡಿದ, ಎದಿ ಹಿಡಕೊಂಡ:
"ಯವ್ವಾ, ಜೀವಾ ಹೋಗಿತ್ತು ನೋಡವಾ!"
ಆಮ್ಯಾಲ ಕಟ್ಟಿ ಮ್ಯಾಲ ಕುಂತು ಆರಾಮ ಶೇಂಗಾ ತಿಂದ.
ಒಂದು ಸಲ ಮಾತ್ರ ಠಣ್ ಅಂದಿತ್ತು.
ಸಂಜಿಗೆ ಡಬ್ಬಿ ತಗದ್ರ, ಬಟನ್.
ಅದೂ ನನ್ನ ಮಶೀನಿನ ಕೆಳಗ ಬಿದ್ದದ್ದು.

ಬಲ್ಬ್ ಬಿಚ್ಚೂ ಹೊತ್ತಿಗೆ ರಾಚಕ್ಕ ಬಂದ್ಲು,
ಇಪ್ಪತ್ತಾರು ವರ್ಷ ಆ ಕುಣಿಯಾಗ ಕಾಲ ಇಳಿಬಿಟ್ಟು ನೇದಾಕಿ.
ಶಾವಿಗಿ ಮುಟ್ಟಿ "ಹಾಳ ಮಾಡೀರಿ" ಅಂದ್ಲು.
ಟಾವೆಲ್ ಮಾರಿಗೆ ಬಡೀತು, ಅದರಿಂದನ ಬೆವರ ಒರಸಿಕೊಂಡ್ಲು.
ಫಕೀರೇಶ ಕಾಲ ಹಿಡದ.
"ಅದು ನೂಸ್ತೈತೋ ತಮ್ಮಾ, ಈ ಕಾಲ ಹಿಡಿ."

ಮುಂದ ಏನೂ ಕೇಳಲಿಲ್ಲ.
ಅಡ್ಡ ಬಟ್ಟಿ ಸರಿಸಿ ನೋಡಿದ್ರ
ಕುಣಿ ದಂಡಿಗೆ ಕುಂತಾಳ, ಎರಡೂ ಕಾಲ ಒಳಗ,
ಒಂದಾದ ಮ್ಯಾಲ ಒಂದು ಒತ್ತಾಕತ್ತಾಳ.
ಕೆಳಗ ತುಳಿಯೂ ಹಲಗಿ ಇಲ್ಲ.
ಮಗನ ಎರಡು ಅಂಗೈ.

ಹಿಂಬಾಗಲಕ್ಕ ಬಂದು ಡಬ್ಬಿ ಮುಂದ ಭಾಳ ಹೊತ್ತು ನಿಂತ್ಲು.
ಸೊಂಟದ ಚೀಲ ಬಿಚ್ಚಿ ಐದರ ನಾಣ್ಯ ಹಾಕಿದ್ಲು.
ಹೋಗಲಿಲ್ಲ.
"ಎರಡು ರೂಪಾಯಿ ತಿರಗಿ ಕೊಡ" ಅಂದ್ಲು.

ಆ ಡಬ್ಬಿಯಾಗ ಚಿಲ್ಲರ ಎಲ್ಲಿಂದ ಬರಬೇಕು?
ನನ್ನ ಲೆಕ್ಕದ ಪುಸ್ತಕದಾಗ, ಹುಕ್ಕು, ರೀಲು, ಕರೇ ಲೈನಿಂಗಿನ ಕೆಳಗ
ಬರಕೊಂಡೀನಿ: ರಾಚಕ್ಕಗ ಕೊಡೂದು, ಎರಡು.
ಯಾತರದು ಅಂತ ಬರದಿಲ್ಲ.