ಷರಾ

ಮೂರು ತಿಂಗಳಿಗೊಮ್ಮೆ ಎಂಟೆಬ್ಬೆಗೆ ಕಳಿಸುವ ನಮೂನೆಯ ಕೊನೆಗೆ
ಬೆರಳಗಲದ ಕಾಲಂ ಒಂದಿದೆ, ಷರಾ.
ಹನ್ನೊಂದು ವರ್ಷ ಅಲ್ಲಿ 'ಇಲ್ಲ' ಎಂದಷ್ಟೇ ಬರೆದೆ.
ಈ ಸಲ ಹಾಳೆ ಮಗುಚಿ ಬೆನ್ನಿಗೂ ಬರೆಯುತ್ತಿದ್ದೇನೆ,
ಮನ್ನಿಸಬೇಕು.

ಭೇಟಿಯಿತ್ತ ಮನೆಗಳು, ಅರವತ್ತೊಂದು.
ಇರಬೇಕಾದದ್ದು ನಾಲ್ಕು ಸಾವಿರದ ಇನ್ನೂರು.
ಪೆಟ್ರೋಲು ಒಂಬತ್ತು ಲೀಟರು,
ಅದರಲ್ಲಿ ಎರಡು ಒಂದು ಶವಪೆಟ್ಟಿಗೆಯ ಜೊತೆ ಹೋಯಿತು,
ಇಲ್ಲವೆನ್ನಲು ಬಾಯಿ ಬರಲಿಲ್ಲ.
ಮೋಟರ್‌ಸೈಕಲ್ಲು ಮುಗಿದುಹೋದ ಯೋಜನೆಯದು.
ಟ್ಯಾಂಕಿನ ಮೇಲಿನ ದಾನಿಯ ಬಾವುಟ ಅರ್ಧ ಉದುರಿ
ಯಾವ ದೇಶವೆಂದು ಮಕ್ಕಳು ಮಾವಿನಕಾಯಿ ಪಣ ಕಟ್ಟುತ್ತಾರೆ.

ಒಜಾಕೋಲ್ ಅವರನ್ನು ಯಾವ ಕಾಲಂನಲ್ಲಿ ಕೂರಿಸಲಿ, ತಿಳಿಯದು.
ಸಿಬ್ಬಂದಿಯಲ್ಲ, ನಿವೃತ್ತರಾಗಿ ಆರು ವರ್ಷ.
ಫಲಾನುಭವಿಯಂತೂ ಅಲ್ಲ.
ಬಿಲ್ಲು ಕಟ್ಟದೆ ಕೇಂದ್ರದ ಶೀತಲ ಕೋಣೆ ಬೆಚ್ಚಗಾದ ವರ್ಷ
ಮುನ್ನೂರ ಹನ್ನೆರಡು ಬಗೆಯ ರಾಗಿಯನ್ನು
ಹಿಡಿ ಹಿಡಿಯಾಗಿ ಸೈಕಲ್ಲಿಗೇರಿಸಿ ಮನೆಗೊಯ್ದರು.
ಕಳವು ಎಂದು ಬರೆದುಕೊಳ್ಳಲೇ ಎಂದರು ಲೆಕ್ಕಪರಿಶೋಧಕರು.
ಅಂದಿನಿಂದ ವರ್ಷ ವರ್ಷ ಮೊದಲ ಮಳೆಗೆ
ಹೆಂಡತಿಯ ಕಡಲೆಕಾಯಿ ಹೊಲದಲ್ಲಿ ಸಾಲು ಸಾಲು,
ಎಣ್ಣೆ ಡಬ್ಬಿ ಕತ್ತರಿಸಿದ ತಗಡು,
ತಗಡಿಗೆ ಮೊಳೆಯಲ್ಲಿ ಕೊರೆದ ಅಂಕಿ,
ಅಂಕಿಯ ಕಾಲಬುಡದಲ್ಲಿ ಮೊಳಕೆ.
ಅಗುತಿ ಹೇಳುತ್ತಾಳೆ,
"ನನ್ನ ಹೊಲದಲ್ಲಿ ಸರ್ಕಾರ ಬಾಡಿಗೆ ಕೊಡದೆ ಕೂತಿದೆ."

ಹೋದ ವರ್ಷ ಬೆಂಕಿರೋಗ.
ತೆನೆಯ ಕತ್ತು ಕಪ್ಪಾಗಿ ಬೆರಳುಗಳೆಲ್ಲ ಜೊಳ್ಳು,
ಇಡೀ ಟೆಸೊ ಸುಟ್ಟ ಕೈಯಂತೆ.
ನೂರ ನಲವತ್ತೇಳನೆಯ ಸಾಲು ನಿಂತೇ ಇತ್ತು.
ಯಾಕೆ ನಿಂತಿತು?
ಹೇಳಬಲ್ಲವಳು ಅಕಿರೊರ್ ಒಬ್ಬಳೇ, ಸಸ್ಯರೋಗ ಓದಿದವಳು.
ಸಂಬಳವಿಲ್ಲದ ಏಳನೆಯ ತಿಂಗಳು
ಕಂಪನಿಯೊಂದರ ಮೆಕ್ಕೆಜೋಳ ಮಾರಲು ಹೋದಳು.
ದೂರುವುದಿಲ್ಲ. ಜೋಳವೂ ಒಳ್ಳೆಯದೇ,
ಚೀಲದ ಮೇಲೆ ನಗುವ ಗಂಡಸಿನ ಚಿತ್ರವಿದೆ.
ನಮ್ಮ ರಾಗಿಗೆ ಚೀಲವಿಲ್ಲ, ಚಿತ್ರವಿಲ್ಲ.
ಬಟ್ಟೆಯ ತುದಿಯ ಗಂಟಿನಲ್ಲಿ
ಒಬ್ಬಳಿಂದ ಇನ್ನೊಬ್ಬಳ ಹೊಲಕ್ಕೆ ನಡೆದುಹೋಗುತ್ತದೆ.
ಗಂಟು ಬಿಚ್ಚಿ ಕೊಟ್ಟದ್ದಕ್ಕೆ
ಯಾವ ಅಂಗಡಿ ಬೆಲೆ ಕಟ್ಟೀತು?

ಫೆಬ್ರವರಿಯಲ್ಲಿ ತಾವೇ ಬಂದಿದ್ದಿರಿ, ಸುಧಾರಣೆಯ ಕರಡು ಹಿಡಿದು.
ಕೇಂದ್ರಗಳ ವಿಲೀನ.
ನೂರು ಎಕರೆ ಕಬ್ಬಿಗೆ ಗುತ್ತಿಗೆ.
ಕೃಷಿಶಾಲೆಗೆ ಬೀಗ, ಸಲಹೆಯೆಲ್ಲ ಇನ್ನು ಫೋನಿನಲ್ಲಿ.
(ಅಗುತಿಯ ಫೋನು ಮಗನ ಬಳಿ, ಮಗ ಜುಬಾದಲ್ಲಿ.)
ಓದುವುದು ಮುಗಿದ ಮೇಲೆ ಹುಣಸೆಯಡಿ ಅಜೋನ್ ಮಡಕೆ ಇಟ್ಟರು.
ಉದ್ದನೆಯ ಕೊಳವೆ ತಮಗೂ ಒಂದು.
ಶೂ ಕಳಚಿ, ಕಣ್ಣು ಮುಚ್ಚಿ, ಚೆನ್ನಾಗಿಯೇ ಹೀರಿದಿರಿ.
ಅವ್ವ ಇದನ್ನೇ ಮಾರಿ ನಿಮ್ಮ ಫೀಸು ಕಟ್ಟಿದ್ದನ್ನು
ನಮಗಲ್ಲ, ಮಡಕೆಗೆ ಹೇಳುವಂತೆ ಹೇಳಿದಿರಿ.

ಹುದುಗಿದ ರಾಗಿ ಧಾರಾಳಿ,
ಬಿಸಿನೀರು ಹುಯ್ದರೆ ಮತ್ತೆ ಕೊಡುತ್ತದೆ.
ಹುಯ್ಯದಿದ್ದರೆ, ಒಂದಿಷ್ಟು ಹೊಟ್ಟು.
ಹದಿಮೂರು ಕೊಳವೆ ಒಟ್ಟಿಗೆ ತಳ ಮುಟ್ಟಿ
ಗೊರ್ರೆಂದಾಗ
ಎಲ್ಲರೂ ಅಗುತಿಯತ್ತ ನೋಡಿದೆವು.
ಅವಳು ಏಳಲಿಲ್ಲ.
"ಸೌದೆ ಯಾರು ತಂದಿರಿ?" ಅಂದಳು.
ತಾವು ಕೊಳವೆಯ ತುದಿ ಒರೆಸುತ್ತ ಬಹಳ ಹೊತ್ತು ಕೂತಿರಿ.
ಆ ಹೊತ್ತನ್ನು ನಂಬಿ ಇಷ್ಟು ಬರೆದೆ.

ತಮ್ಮ ಪತ್ರ ನಿನ್ನೆ ತಲುಪಿತು.
ಹಣ ಬಿಡುಗಡೆಯಾಗಿದೆ,
ಕೇಂದ್ರದ ಹೊಸ ನಾಮಫಲಕಕ್ಕೆ.
ಒಜಾಕೋಲ್ ಅವರಿಗೆ ಓದಿ ಹೇಳಿದೆ.
ಅವರು ನಗಲಿಲ್ಲ, ಬೈಯಲೂ ಇಲ್ಲ.
"ತಗಡಿನದೋ, ಮರದ್ದೋ?" ಕೇಳಿದರು.
ಮರದ್ದು ಬೇಡವಂತೆ.
ಡಬ್ಬಿಯ ತಗಡು ಎರಡೇ ಮಳೆಗೆ ತುಕ್ಕು ತಿಂದು
ಎಂಟು ಹತ್ತನ್ನು ನುಂಗಿತು,
ಈಗ ಹದಿನಾರು ಸಾಲು ಹೆಸರಿಲ್ಲದೆ ಬೆಳೆಯುತ್ತಿವೆ.
ದಪ್ಪ ತಗಡು ಇರಲಿ, ಆದಷ್ಟು ಅಗಲ.
ಬಣ್ಣ ಒಂದೇ ಬದಿಗೆ ಸಾಕು.