ಮುಂಗೈ

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿದರೆ
ನನ್ನ ಪಾರ್ಲರು. ಹದಿನಾಲ್ಕು ವರ್ಷ.
ಮದುಮಗಳೆಂದರೆ ಎರಡು ಶೇಡು ಮೇಲೆ:
ಕೊಡವರ ಹುಡುಗಿಗೂ ಗೌಡರ ಹುಡುಗಿಗೂ
ಮಾಪಿಳ್ಳೆ ಮನೆಯ ನಿಕಾಹಿಗೂ ಒಂದೇ ಲೆಕ್ಕ.
ಕೇಳದಿದ್ದರೂ ಬಳಿದಿದ್ದೇನೆ.
ಕತ್ತಿಗೆ ಬಳಿಯುವುದು ಮರೆತು
ಆಲ್ಬಮ್ಮು ಬಂದ ಮೇಲೆ ಬೈಸಿಕೊಂಡದ್ದೂ ಉಂಟು.

ಕಳೆದ ತಿಂಗಳು ಸೀರಿಯಲ್ಲಿನವರು ಬಂದರು.
ಮಾಲ್ದಾರೆ ದಾರಿಯ ತೋಟ, ಮೂರು ವ್ಯಾನು, ಒಂದು ಜನರೇಟರು,
ಅವರ ಮೇಕಪ್ಪಿನವನಿಗೆ ಜ್ವರ.
‘ನಾಯಕಿ ಕಾಡಿನ ಹುಡುಗಿ ಮೇಡಂ, ನಾಲ್ಕು ಶೇಡು ಕೆಳಗೆ ಬೇಕು.’
ಕೆಳಗೆ!
ಆ ಕಡೆ ನನ್ನ ಕೈ ಯಾವತ್ತೂ ಹೋದದ್ದಿಲ್ಲ.
ಡಬ್ಬಿಗಳಲ್ಲೆಲ್ಲ ಹಾಲು, ಗೋಧಿ, ದಂತ, ಗುಲಾಬಿ.
ಕಾಡಿಗೆಗೆ ಕೋಕೋ ಪುಡಿ ಕಲಸಿ ಹಚ್ಚಿದೆ.
ನಾಯಕಿ ಕನ್ನಡಿ ನೋಡಿ ಸುಮ್ಮನಾದಳು,
ತಳ ಹಿಡಿದ ಹಾಲಿನ ಪಾತ್ರೆಯ ಹಾಗೆ.

‘ಅಳತೆಗೆ ಒಬ್ಬಳನ್ನು ಕರೆಸಿ’ ಅಂದರು.
ಲೈನ್‌ಮನೆಯಿಂದ ಬಂದಳು ಪಣಿ ಎರವರ ಸಿಂಧು.
ಪಿಯುಸಿ ಪಾಸು,
ಮಡಿಕೇರಿಯ ರೇಡಿಯೋ ನಾಟಕದಲ್ಲಿ ಎರಡು ಸಲ ರಾಣಿ.
‘ಹೆಸರೇನಮ್ಮ?’
‘ಸಿಂಧು.’
‘ಅದಲ್ಲ, ನಿಮ್ಮ ಕಡೆ ಇಡ್ತಾರಲ್ಲ, ಅಂಥದ್ದು.’
‘ಸಿಂಧು.’
ಬರಹಗಾರ ಹಾಳೆ ತಿರುವಿದ.
ಅವನ ಕಥೆಯಲ್ಲಿ ಹುಡುಗಿಯ ಹೆಸರು ಜುಂಬಿ.

ಮೂರು ದಿನ ಅವಳ ಕೆಲಸ ಮುಂಗೈ ಚಾಚಿ ಕೂರುವುದು,
ದಿನಕ್ಕೆ ಮುನ್ನೂರೈವತ್ತು.
ಬಳೆ ಮೇಲೆ ಸರಿಸಿ, ನಾಯಕಿಯ ಕೆನ್ನೆಗೆ ಆ ಕೈ ತಾಗಿಸಿ
ನೋಡಿದೆ, ಬಳಿದೆ, ಒರೆಸಿದೆ, ಮತ್ತೆ ನೋಡಿದೆ.
ಗೆಣ್ಣಿನ ಬಳಿ ಒಂದು ಬಣ್ಣ, ನಾಡಿಯ ಮೇಲೆ ಇನ್ನೊಂದು,
ಕಪಾತಿನ ಕತ್ತಿ ತಾಗಿದ ಹಳೇ ಗಾಯದಲ್ಲಿ
ಹಾಲುವಾಣದ ಒಳತೊಗಟೆಯ ತಿಳಿ,
ಬಿಸಿಲು ಬಿದ್ದರೆ ಒಳಗಿನಿಂದ ಏಳುವ ಕೆಂಪು.
ಹುರಿದ ಕಾಫಿ ಅನ್ನಬಹುದಿತ್ತು. ಎಲ್ಲರೂ ಅನ್ನುತ್ತಾರೆ.
ಅದು ಅವಳ ಮುಂಗೈ ಬಣ್ಣ, ಅಷ್ಟೇ.
ಇಷ್ಟು ಹೊತ್ತು ನಾನು ಯಾರ ಕೈಯನ್ನೂ ನೋಡಿರಲಿಲ್ಲ.

ನಾಯಕಿ ಕೆಟ್ಟವಳೇನಲ್ಲ.
‘ಮಳೆ ಬಂದರೆ ನಾನು ಸೋರ್ತೀನಿ ಅಕ್ಕಾ’ ಅಂತ ನಗಿಸಿದಳು.
ಸಿಂಧು ಕಿತ್ತಳೆ ಸುಲಿದು ಅರ್ಧ ಕೊಟ್ಟಳು.
ಮಾತು ಮರೆತಾಗ ಅವಳೇ ಹಿಂದಿನಿಂದ ಹೇಳಿಕೊಟ್ಟಳು,
ಅದೇ ಸಾಲು, ಆದರೆ ಯಾರೋ ನಿಜಕ್ಕೂ ಹೇಳುತ್ತಿರುವ ಹಾಗೆ.
ಜನರೇಟರಿನವನೂ ತಿರುಗಿ ನೋಡಿದ.

ನನಗೆ ತಡೆಯಲಾಗಲಿಲ್ಲ.
‘ಸಾರ್, ಇವಳನ್ನೇ ಹಾಕಬಹುದಲ್ಲ?’
ನಿರ್ದೇಶಕರು ನಕ್ಕರು, ಪಾಪ, ಪ್ರೀತಿಯಿಂದಲೇ:
‘ಸ್ಕ್ರೀನಲ್ಲಿ ಸಹಜವಾಗಿ ಕಾಣಲ್ಲ ಮೇಡಂ. ಜನ ಒಪ್ಪಲ್ಲ.’

ಜನ ಅಂದರೆ ಯಾರೋ.
ಮೊದಲ ಕಂತು ಬಂದ ರಾತ್ರಿ ಲೈನ್‌ಮನೆಯ ಟಿವಿ ಮುಂದೆ
ಇಪ್ಪತ್ತು ಜನ ಇದ್ದರಂತೆ.
ಅಜ್ಜಿ ಮುತ್ತೆ ಕೇಳಿದಳಂತೆ:
‘ಅಯ್ಯೋ, ಆ ಮಗುವಿನ ಮುಖಕ್ಕೆ ಏನಾಯ್ತು? ಬೆಂಕಿ ತಾಗಿತಾ?’

ಇದನ್ನು ಸಿಂಧು ಹೇಳಿದ್ದು ಇವತ್ತು, ನನ್ನ ಕುರ್ಚಿಯಲ್ಲಿ ಕೂತು.
ಮೈಸೂರಿನಲ್ಲಿ ಆಯ್ಕೆ ಇದೆಯಂತೆ, ಯಾವುದೋ ನಾಟಕಕ್ಕೆ;
ಫೋಟೋ ಕಳಿಸಬೇಕು.
ಅಭ್ಯಾಸಬಲ. ನನ್ನ ಕೈ ಆಗಲೇ ದಂತದ ಡಬ್ಬಿಗೆ ಹೋಗಿತ್ತು.
ಅವಳು ಬಳೆ ಸರಿಸಿ ಮುಂಗೈ ಚಾಚಿದಳು:
‘ಇದಕ್ಕೆ ಹೊಂದಿಸಿ ಅಕ್ಕಾ. ನಿಮಗೆ ಅಳತೆ ಗೊತ್ತಲ್ಲ.’

ಗೊತ್ತು. ಆದರೆ ಆ ಬಣ್ಣ ನನ್ನಲ್ಲಿಲ್ಲ.
‘ತರಿಸಬೇಕು’ ಅಂದೆ, ‘ಒಂದು ವಾರ ಆಗುತ್ತೆ.’
ದುಡ್ಡು ಎಷ್ಟು ಅಂತ ಕೇಳಿದಳು.
ಆಮೇಲೆ ಎದ್ದು, ಕಿಟಕಿಯ ಬೆಳಕಿಗೆ ಮುಖ ಕೊಟ್ಟು,
‘ಹಾಗಾದರೆ ಸುಮ್ಮನೆ ಹೀಗೇ ತೆಗೆಯಿರಿ’ ಅಂದಳು.
ಫೋನು ಹಿಡಿದೆ.
ಕೈ ನಡುಗಿ ಮೊದಲನೆಯದು ಮಸುಕಾಯಿತು.